ಕೈಗಡಿಯಾರದ ಏಲಂ, ಹಲಸಿನಹಣ್ಣಿನ ಲೆಕ್ಕ

ಮೂವತ್ತು ರೂಪಾಯಿಯ ತೆಂಗಿನಕಾಯಿ ಮೂರು ಸಾವಿರಕ್ಕೆ ಹೋಯಿತೆಂದರೆ ಆಲಂಕಾರಿನ ಕಡೆ ಯಾರೂ ಹುಬ್ಬೇರಿಸುವುದಿಲ್ಲ. ಭಜನಾ ಮಂದಿರದ ವಾರ್ಷಿಕೋತ್ಸವವೋ ಗಣೇಶೋತ್ಸವವೋ ಇರುತ್ತದೆ. ಮಹಾಪೂಜೆ ಮುಗಿದು, ಪ್ರಸಾದ ಕೈಗೆ ಬಂದು, ಜನ ಊಟದ ಚಪ್ಪರದ ಕಡೆ ಮುಖ ಮಾಡುವ ಹೊತ್ತಿಗೆ ಒಬ್ಬರು ಮೈಕು ಹಿಡಿಯುತ್ತಾರೆ. ದೇವರ ಮುಂದಿಟ್ಟಿದ್ದ ಕಾಯಿ, ಯಾರದೋ ತೋಟದಿಂದ ಹೊರೆಕಾಣಿಕೆಗೆ ಬಂದ ಬಾಳೆಗೊನೆ, ತಬ್ಬಿದರೂ ತೋಳಿಗೆ ಸಿಗದ ಕುಂಬಳಕಾಯಿ ಒಂದೊಂದಾಗಿ ಮೇಲೇರುತ್ತವೆ. "ರೈಗಳು ಒಂದು ಸಾವಿರ ಹೇಳಿದ್ರು. ಗೌಡ್ರೇ, ನೀವು ಸುಮ್ಮನೆ ನಿಂತ್ರೆ ಹೇಗೆ?" ಎಂದು ಎದುರಿಗಿದ್ದವರನ್ನು ಕರೆದು ಕೆಣಕುವುದು ಏಲಂ ಕೂಗುವವರ ಹಕ್ಕು. ಗೌಡರು ನಕ್ಕು ಸಾವಿರದ ಇನ್ನೂರು ಅನ್ನುತ್ತಾರೆ. "ಒಂದು ಸಲ, ಎರಡು ಸಲ..." ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ, ಮುಂಬಯಿಯಿಂದ ಊರಿಗೆ ಬಂದವರೊಬ್ಬರು ಹಿಂದಿನಿಂದ ಎರಡು ಸಾವಿರ ಕೂಗುತ್ತಾರೆ. ಗೆದ್ದವರು ಕಾಯಿಯನ್ನು ಮನೆಗೆ ಒಯ್ಯುತ್ತಾರೆಂಬ ಖಾತ್ರಿಯೂ ಇಲ್ಲ. "ಇನ್ನೊಮ್ಮೆ ಏಲಂ ಹಾಕಿ" ಎಂದು ತಿರುಗಿ ಸಮಿತಿಯವರ ಕೈಗೇ ಕೊಟ್ಟುಬಿಡುವವರಿದ್ದಾರೆ. ಹಾಗಾಗಿ ಒಂದೇ ಕಾಯಿ ಒಂದೇ ರಾತ್ರಿಯಲ್ಲಿ ಎರಡು ಮೂರು ಸಲ ಮಾರಾಟವಾಗುವುದೂ ಉಂಟು.

ಉಪ್ಪಿನಂಗಡಿಯಿಂದ ಕಡಬಕ್ಕೆ ಹೋಗುವ ದಾರಿಯಲ್ಲಿರುವ ಆಲಂಕಾರು ಅಡಿಕೆ ತೋಟಗಳ ಊರು. ಹಿಂದೆ ಪುತ್ತೂರು ತಾಲ್ಲೂಕು, ಈಗ ಕಡಬ. ಶರವೂರಿನ ದುರ್ಗಾಪರಮೇಶ್ವರಿ ಇಲ್ಲಿಯ ದೇವತೆ. ಸುತ್ತ ಪೆರಾಬೆ, ಕುಂತೂರು, ರಾಮಕುಂಜ, ಕೊಯಿಲ. ಇಲ್ಲಿ ಏಲಂಗೆ ಮತಭೇದವಿಲ್ಲ. ಕಡಬ, ನೆಲ್ಯಾಡಿ, ಶಿರಾಡಿ ಕಡೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರು ಇಗರ್ಜಿಯ ಹಬ್ಬಕ್ಕೆ ತಂದ ಕೋಳಿ, ಗೆಣಸು, ಹಣ್ಣುಗಳನ್ನು ಹೀಗೆಯೇ ಕೂಗುತ್ತಾರೆ. ಮಸೀದಿಗಳದ್ದೂ ಇದೇ ಕ್ರಮ. 2023ರಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದ ಮಸೀದಿಯಲ್ಲಿ ಒಂದು ಹಲಸಿನಹಣ್ಣು ಏಲಂಗೆ ಬಂತು. ಇಬ್ಬರಲ್ಲಿ ಪೈಪೋಟಿ ಹತ್ತಿತು, ಒಬ್ಬರೂ ಬಿಡಲಿಲ್ಲ. ಕೊನೆಗೆ ಹಣ್ಣು ಹೋದದ್ದು 4.33 ಲಕ್ಷ ರೂಪಾಯಿಗೆ. ಪತ್ರಿಕೆಗಳಲ್ಲೂ ಮೊಬೈಲುಗಳಲ್ಲೂ ಆ ಹಣ್ಣು ಒಂದು ವಾರ ಓಡಾಡಿತು. ಹೊರಗಿನವರು ಬೆರಗಾದರು. ನಮ್ಮ ಕಡೆಯವರು ಮಾತ್ರ "ಜಿದ್ದು ಬಿದ್ದಿರಬೇಕು" ಎಂದಷ್ಟೇ ಹೇಳಿ ಮುಂದಿನ ಸುದ್ದಿಗೆ ಹೋದರು.

ಈ ಏಲಂ ಗೊತ್ತಿದ್ದವರಿಗೆ ಜಿನೀವಾದ ಏಲಂ ಅರ್ಥವಾಗುವುದು ಸುಲಭ.

ಉಕ್ಕಿನ ಗಡಿಯಾರ

2019ರ ನವೆಂಬರ್ 9. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಕ್ರಿಸ್ಟೀಸ್ ಸಂಸ್ಥೆ 'ಓನ್ಲಿ ವಾಚ್' ಎಂಬ ಸಹಾಯಾರ್ಥ ಹರಾಜನ್ನು ನಡೆಸುತ್ತಿತ್ತು. ಮೇಜಿಗೆ ಬಂದದ್ದು 50 ಗಡಿಯಾರಗಳು. ಒಂದೊಂದು ಕಂಪನಿ ಒಂದೊಂದನ್ನು ದಾನವಾಗಿ ಕೊಟ್ಟಿತ್ತು. ಅದರಂಥದ್ದು ಮತ್ತೊಂದು ಇರಬಾರದು ಎಂಬುದು ನಿಯಮ. ಪಾಟೆಕ್ ಫಿಲಿಪ್ ಕೊಟ್ಟ 'ಗ್ರಾಂಡ್‌ಮಾಸ್ಟರ್ ಚೈಮ್' ಎಂಬ ಕೈಗಡಿಯಾರ 25ರಿಂದ 30 ಲಕ್ಷ ಸ್ವಿಸ್ ಫ್ರಾಂಕ್ ತರಬಹುದೆಂದು ಅಂದಾಜಿತ್ತು. ತಂದದ್ದು 3 ಕೋಟಿ 10 ಲಕ್ಷ ಫ್ರಾಂಕ್. ಆಗಿನ ಲೆಕ್ಕದಲ್ಲಿ ಸುಮಾರು 220 ಕೋಟಿ ರೂಪಾಯಿ. ಅದಕ್ಕಿಂತ ಎರಡು ವರ್ಷ ಹಿಂದೆ ನಟ ಪಾಲ್ ನ್ಯೂಮನ್ ಕಟ್ಟಿಕೊಳ್ಳುತ್ತಿದ್ದ ರೋಲೆಕ್ಸ್ ನ್ಯೂಯಾರ್ಕಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋಗಿ ಮಾಡಿದ್ದ ದಾಖಲೆಯನ್ನು ಇದು ಮುರಿಯಿತು. ಫೋನಿನಲ್ಲಿ ಕೂಗಿ ಗೆದ್ದವರ ಹೆಸರು ಹೊರಬರಲಿಲ್ಲ.

ಅಂಥದ್ದೇನಿದೆ ಅದರಲ್ಲಿ? ಯಂತ್ರಭಾಗದಲ್ಲಿ 1,366 ಬಿಡಿಭಾಗಗಳು, 20 ವಿಶೇಷ ಕೆಲಸಗಳು. ಐದು ಬಗೆಯಲ್ಲಿ ನಾದ ಮಾಡುತ್ತದೆ. ಗಂಟೆ, ಕಾಲುಗಂಟೆ, ನಿಮಿಷಗಳನ್ನು ಬೇರೆ ಬೇರೆ ದನಿಯಲ್ಲಿ ಬಾರಿಸಿ ಹೇಳುತ್ತದೆ, ಇವತ್ತು ತಾರೀಕು ಎಷ್ಟೆಂಬುದನ್ನೂ ಬಾರಿಸಿಯೇ ಹೇಳುತ್ತದೆ. ಮುಂದೊಂದು ಮುಖ, ಹಿಂದೊಂದು ಮುಖ. ಬೇಕಾದ ಕಡೆ ತಿರುಗಿಸಿ ಕಟ್ಟಿಕೊಳ್ಳಬಹುದು. ಈ ಮಾದರಿಯನ್ನು ಕಂಪನಿ ತನ್ನ 175ನೇ ವರ್ಷಕ್ಕೆಂದು 2014ರಲ್ಲಿ ಹೊರತಂದಿತ್ತು. ಅವೆಲ್ಲ ಚಿನ್ನದವು. ದಾನಕ್ಕೆ ಕೊಟ್ಟದ್ದರ ಹೊರಕವಚ ಮಾತ್ರ ಉಕ್ಕಿನದು.

ಚಿನ್ನದ್ದಕ್ಕಿಂತ ಉಕ್ಕಿನದಕ್ಕೆ ಹೆಚ್ಚು ಬೆಲೆ ಬಂದದ್ದು ಹೀಗೆ. ನಮ್ಮ ಮನೆಗಳಲ್ಲಿ ಕಾಫಿ ಕುಡಿಯುವ ಲೋಟದ ಜಾತಿಯ ಲೋಹವೇ ಅದು. ಕಂಪನಿ ಆ ಮಾದರಿಯನ್ನು ಆ ಲೋಹದಲ್ಲಿ ಇನ್ನೊಂದು ಮಾಡಿಲ್ಲ, ಅಷ್ಟೇ. ಅದರ ಒಂದು ಪುಟ್ಟ ತಟ್ಟೆಯ ಮೇಲೆ 'ಇದೊಂದೇ' ಎಂಬರ್ಥದ ಇಂಗ್ಲಿಷ್ ಮಾತನ್ನು ಬರೆಸಿಯೂ ಇದ್ದಾರೆ. ನಮ್ಮ ಬೆಂಗಳೂರಿನ ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಗಡಿಯಾರ ಮಾಡಲು ಹೊರಟಾಗ ಹಿಡಿದದ್ದು ಸರಿಯಾಗಿ ಇದರ ವಿರುದ್ಧ ದಾರಿ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರಬಾರದು, ಮೇಷ್ಟ್ರ ಕೈಯಲ್ಲೂ ಬಸ್ ಕಂಡಕ್ಟರ್ ಕೈಯಲ್ಲೂ ಅದೇ ಇರಬೇಕು. 'ಜನತಾ' ಎಂಬ ಹೆಸರೇ ಆ ಹಟವನ್ನು ಹೇಳುತ್ತಿತ್ತು. ಪುತ್ತೂರು ಸೀಮೆಯಲ್ಲಿ ಒಂದು ಕಾಲದಲ್ಲಿ ಮದುವೆ ಗಂಡಿನ ಕೈಗೆ ಎಚ್‌ಎಂಟಿ ಬೀಳದೆ ಮಾತುಕತೆ ಮುಗಿಯುತ್ತಿರಲಿಲ್ಲ. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಈಗ ಅದೂ ಸಂಗ್ರಾಹಕರ ವಸ್ತು. ಲಕ್ಷಗಟ್ಟಲೆ ಮಾಡಿದ್ದನ್ನು ನಿಲ್ಲಿಸಿದರೂ ಅಪರೂಪವಾಗುತ್ತದೆ, ಒಂದನ್ನೇ ಮಾಡಿ ಕೈ ತೊಳೆದುಕೊಂಡರೂ ಅಪರೂಪವಾಗುತ್ತದೆ.

ಅದೇ ದಿನ ಅದೇ ಮೇಜಿನ ಮೇಲೆ ಇನ್ನೊಂದು ಗಡಿಯಾರವಿತ್ತು, ನನಗೆ ಅದರ ಮೇಲೆಯೇ ಹೆಚ್ಚು ಕುತೂಹಲ. ರೋಲೆಕ್ಸಿನ ತಂಗಿ ಕಂಪನಿ ಟ್ಯೂಡರ್ ಕೊಟ್ಟದ್ದು. (ರೋಲೆಕ್ಸ್ ತಾನು ಈ ಹರಾಜಿಗೆ ಬರುವುದಿಲ್ಲ, ತಂಗಿಯನ್ನು ಕಳಿಸುತ್ತದೆ.) ನಾದವಿಲ್ಲ, ಎರಡು ಮುಖವಿಲ್ಲ, ಗಂಟೆ ನಿಮಿಷ ತೋರಿಸುವ ಕಪ್ಪು ಗಡಿಯಾರ. ಅಂದಾಜು 4,500ರಿಂದ 5,500 ಫ್ರಾಂಕ್. ಹೋದದ್ದು 3 ಲಕ್ಷ 50 ಸಾವಿರಕ್ಕೆ. ಎಂದರೆ ಪಾಟೆಕ್ ಫಿಲಿಪ್ ತನ್ನ ಅಂದಾಜಿನ ಹತ್ತು ಪಟ್ಟು ತಂದರೆ ಟ್ಯೂಡರ್ ಎಪ್ಪತ್ತು ಪಟ್ಟು ತಂದಿತು. ಮೂಲರಪಟ್ಣದ ಹಲಸಿನಹಣ್ಣಿಗೆ ಸಂತೆಯಲ್ಲಿ ಇನ್ನೂರು ರೂಪಾಯಿ ಎಂದೇ ಇಟ್ಟುಕೊಳ್ಳಿ. ಅದು ತಂದದ್ದು ಎರಡು ಸಾವಿರ ಪಟ್ಟಿಗೂ ಮಿಕ್ಕಿ. ಪಟ್ಟಿನ ಲೆಕ್ಕದಲ್ಲಿ ಗೆದ್ದದ್ದು ಹಲಸೇ.

ಕೂಗು ಏರುವ ಬಗೆ

ಸಹಾಯಾರ್ಥ ಏಲಂನಲ್ಲಿ ಬೆಲೆ ಯಾಕೆ ಹೀಗೆ ಏರುತ್ತದೆ, ಅಥವಾ ಯಾಕೆ ಇನ್ನೂ ಏರುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರು ತಲೆ ಕೆಡಿಸಿಕೊಂಡಿದ್ದಾರೆ. ಜೇಕಬ್ ಗೋರೀ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದ ವಾದ ಹೀಗಿದೆ. ಬೇರೆ ಏಲಂಗಳಲ್ಲಿ ಸೋತವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಧರ್ಮಕಾರ್ಯದ ಏಲಂನಲ್ಲಿ ಸೋತವನಿಗೂ ಲಾಭವುಂಟು, ಯಾಕೆಂದರೆ ಗೆದ್ದವನ ಹಣ ತಾನೂ ಬಯಸಿದ ಕೆಲಸಕ್ಕೇ ಸೇರುತ್ತದೆ. ಹಾಗಿರುವಾಗ ಎದುರಾಳಿಯನ್ನು ಮೀರಿ ಕೂಗುವವನು ಎದುರಾಳಿ ಕೊಡಲಿದ್ದ ದಾನವನ್ನು ತಾನೇ ತಪ್ಪಿಸಿದಂತಾಗುತ್ತದೆ. ಈ ಅಳುಕು ಕೂಗನ್ನು ತಗ್ಗಿಸುತ್ತದೆ. ಗೆದ್ದವರೂ ಸೋತವರೂ ಹಣ ಕಟ್ಟಲೇಬೇಕಾದ ಪದ್ಧತಿ, ಉದಾಹರಣೆಗೆ ಚೀಟಿ ಎತ್ತುವುದು, ಏಲಂಗಿಂತ ಹೆಚ್ಚು ಹಣ ಕೂಡಿಸಬಲ್ಲದು. ಯುವಕ ಮಂಡಲದ ಹುಡುಗರು ಕಬಡ್ಡಿ ಪಂದ್ಯದ ಖರ್ಚಿಗೆಂದು ಮನೆಮನೆಗೆ ಬಂದು ಅದೃಷ್ಟ ಚೀಟಿ ಹರಿದುಕೊಟ್ಟು ಹೋಗುವುದನ್ನು ನೋಡಿದವರಿಗೆ ಈ ಸಿದ್ಧಾಂತ ಹೊಸದೆನಿಸಲಿಕ್ಕಿಲ್ಲ.

ಪ್ರಬಂಧ ಸರಿ. ಆದರೆ ಆ ಸಮೀಕರಣಗಳಲ್ಲಿ ಒಂದು ಸರಕು ಸೇರಿಲ್ಲ: ಮಾನ. ಊರಿಗೆ ಊರೇ ನೋಡುತ್ತಿರುವಾಗ ಮೈಕಿನಲ್ಲಿ ಹೆಸರು ಕೂಗಿಸಿಕೊಂಡವನಿಗೆ ಎದುರಾಳಿಯ ದಾನ ತಪ್ಪಿತಲ್ಲ ಎಂಬ ಅಳುಕು ಬರುವುದಿಲ್ಲ, ತಾನು ಹಿಂದೆ ಸರಿದೆನಲ್ಲ ಎಂಬ ಅಳುಕು ಬರುತ್ತದೆ. ಹೈದರಾಬಾದಿನ ಬಾಲಾಪುರದ ಗಣಪತಿಯ ಲಡ್ಡು 1994ರಲ್ಲಿ 450 ರೂಪಾಯಿಗೆ ಹೋಗಿದ್ದದ್ದು 2024ರಲ್ಲಿ 30 ಲಕ್ಷದ ಒಂದು ಸಾವಿರಕ್ಕೆ ಮುಟ್ಟಿದ್ದು ಹೀಗೆಯೇ. ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಮತ್ತು ಅವರ ಪತ್ನಿ ಆತಿಯಾ ಶೆಟ್ಟಿ 2024ರಲ್ಲಿ ಶ್ರವಣದೋಷ ಮತ್ತು ಬೌದ್ಧಿಕ ಸವಾಲು ಇರುವ ಮಕ್ಕಳಿಗಾಗಿ ದುಡಿಯುವ ವಿಪ್ಲಾ ಫೌಂಡೇಶನ್ನಿಗೆ ಕ್ರಿಕೆಟಿಗರ ವಸ್ತುಗಳನ್ನು ಹರಾಜು ಹಾಕಿ 1.93 ಕೋಟಿ ಕೂಡಿಸಿದರು. ವಿರಾಟ್ ಕೊಹ್ಲಿಯ ಜೆರ್ಸಿಗೆ 40 ಲಕ್ಷ, ದ್ರಾವಿಡ್ ಬ್ಯಾಟಿಗೆ 11 ಲಕ್ಷ. ಬೆವರಿನ ಅಂಗಿಯನ್ನು ಇಷ್ಟು ಕೊಟ್ಟು ಕೊಳ್ಳುವುದು ಬಟ್ಟೆಯ ಬೆಲೆಗಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ತಕರಾರು ಎತ್ತಬೇಕು. ಜಿನೀವಾದಲ್ಲಿ 220 ಕೋಟಿ ಕೊಟ್ಟವರು ಮಹಾದಾನಿ ಎಂದು ಯಾರಿಗಾದರೂ ಅನಿಸಬಹುದು. ಅವರು ದಾನ ಮಾಡಲಿಲ್ಲ, ಸರಕು ಕೊಂಡರು. ಆ ಗಡಿಯಾರ ತಿಜೋರಿಯಲ್ಲಿ ಕೂತಿರುತ್ತದೆ. ನಾಳೆ ಮಾರಿದರೆ ಹೆಚ್ಚೂ ಬರಬಹುದು, ಕಡಿಮೆಯೂ ಬರಬಹುದು. ಮೂಲರಪಟ್ಣದ ಹಣ್ಣಾದರೋ ಎರಡು ದಿನ ಇಟ್ಟರೆ ಕೊಳೆಯುತ್ತದೆ. ಅದಕ್ಕೆ ಕೊಟ್ಟ 4.33 ಲಕ್ಷದಲ್ಲಿ ಒಂದು ಕಾಸೂ ತಿರುಗಿ ಬರುವುದಿಲ್ಲ. ಅದು ಪೂರ್ತಿ ದಾನ. ಜಿನೀವಾದಲ್ಲಿ ನಿಜವಾಗಿ ಕೈ ಬಿಚ್ಚಿದ್ದು ಗಡಿಯಾರ ಮಾಡಿಕೊಟ್ಟ ಕಂಪನಿ. ಮಾರಿದ ಹಣವನ್ನು ಅದು ತನಗೆಂದು ಇಟ್ಟುಕೊಳ್ಳಲಿಲ್ಲ. ಕಂಪನಿಗೆ ಪ್ರಚಾರ ಸಿಕ್ಕಿತಲ್ಲ ಎನ್ನುವಿರಾದರೆ, ಸಿಕ್ಕಿತು. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ಹೆಸರು ಬರೆಸುವ ಊರಿನವರು ನಾವು, ಅದನ್ನು ದೊಡ್ಡ ತಪ್ಪೆಂದು ಹೇಳುವಂತಿಲ್ಲ.

ಪುತ್ತೂರಿಗೆ ಬಂದ ಏಲಂಗಾರ

ವಸ್ತುವಿನ ಬೆಲೆಗೂ ಕೂಗಿನ ಬೆಲೆಗೂ ನಡುವಿನ ಅಂತರವನ್ನು ಬಡವರ ಕೆಲಸಕ್ಕೆ ತಿರುಗಿಸುವ ಕಲೆಯಲ್ಲಿ ಗಾಂಧೀಜಿಯನ್ನು ಮೀರಿಸಿದವರಿಲ್ಲ. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟ, ಅಸ್ಪೃಶ್ಯತೆಯ ವಿರುದ್ಧದ ಅವರ ಹರಿಜನ ಪ್ರವಾಸ ಒಂಬತ್ತು ತಿಂಗಳಲ್ಲಿ 12,500 ಮೈಲಿ ಸುತ್ತಿ ಹರಿಜನ ನಿಧಿಗೆ ಸುಮಾರು 8 ಲಕ್ಷ ರೂಪಾಯಿ ಕೂಡಿಸಿತು. 1934ರ ಫೆಬ್ರವರಿಯಲ್ಲಿ ಅವರು ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು ಹಾದು ಮಂಗಳೂರಿಗೆ ಹೋದರು. ಪುತ್ತೂರಿನಲ್ಲಿ ರಾಗಿದಕುಮೇರಿಯ ದಲಿತರ ಕೇರಿಗೆ ಹೋದರು. ಆಗ ಸಾಹಿತಿ ಶಿವರಾಮ ಕಾರಂತರೂ ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರೂ ಇದ್ದ ಪುತ್ತೂರು ಅದು. ಗಾಂಧೀಜಿ ಜನರೊಂದಿಗೆ ಮಾತಾಡಿದ ಅಶ್ವತ್ಥಕಟ್ಟೆಗೆ ಗಾಂಧಿ ಕಟ್ಟೆ ಎಂದೇ ಇವತ್ತೂ ಹೆಸರು.

ಆ ಪ್ರವಾಸದುದ್ದಕ್ಕೂ ಗಾಂಧೀಜಿ ಸಭೆಯಲ್ಲೇ ಏಲಂ ಕೂಗುತ್ತಿದ್ದರು. ಊರವರು ಚೌಕಟ್ಟು ಹಾಕಿಸಿ ಕೊಟ್ಟ ಮಾನಪತ್ರ, ಅದನ್ನಿಟ್ಟ ಬೆಳ್ಳಿಯ ಕರಡಿಗೆ, ಹೆಂಗಸರು ಬಿಚ್ಚಿಕೊಟ್ಟ ಉಂಗುರ ಬಳೆ, ಯಾವುದನ್ನೂ ಅವರು ಮನೆಗೆ ಒಯ್ಯಲಿಲ್ಲ. ಗಾಂಧಿ ಮುಟ್ಟಿದ್ದು ಎಂಬ ಕಾರಣಕ್ಕೆ ಪ್ರತಿಯೊಂದೂ ಜಗತ್ತಿನಲ್ಲಿ ಒಂದೇ ಒಂದು ಆಗಿಬಿಡುತ್ತಿತ್ತು. ಅದೇ ಫೆಬ್ರವರಿಯಲ್ಲಿ ಕೊಡಗಿನ ಗುಂಡುಗುತ್ತಿಯಲ್ಲಿ ಕಥೆಗಾರ್ತಿ ಗೌರಮ್ಮ, ಗಾಂಧಿ ತನ್ನ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದಾಗ ಮೈಮೇಲಿನ ಒಡವೆಗಳನ್ನು ಅವರಿಗೆ ಒಪ್ಪಿಸಿದರು. ಉಳಿಸಿಕೊಂಡದ್ದು ಮಂಗಳಸೂತ್ರ, ಓಲೆ, ಮೂಗುತಿ.

ಗಾಂಧಿಯ ಏಲಂಗೆ ಇನ್ನೊಂದು ಮುಖವಿತ್ತು, ನಮ್ಮ ಸಮಿತಿಗಳು ನೆನಪಿಡಬೇಕಾದ್ದು ಅದನ್ನು. 1929ರಲ್ಲಿ ಆಶ್ರಮಕ್ಕೆ ಬಂದ ಅತಿಥಿಗಳು ಕಸ್ತೂರ್ಬಾ ಕೈಗೆ ಕೊಟ್ಟ ನಾಲ್ಕು ರೂಪಾಯಿ ಕಚೇರಿಗೆ ಜಮೆಯಾಗಲಿಲ್ಲವೆಂದು ಅವರು ತಮ್ಮ ಪತ್ರಿಕೆ 'ನವಜೀವನ'ದಲ್ಲಿಯೇ ಬರೆದರು. ಹೆಂಡತಿಯ ಬಗ್ಗೆ ಹಾಗೆ ಬರೆದದ್ದು ಕ್ರೂರ ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ನಾಲ್ಕು ರೂಪಾಯಿಗೆ ಇಷ್ಟು ಜೀವ ಬಿಡುವವನೆಂದು ಗೊತ್ತಿದ್ದರಿಂದಲೇ ಜನ ಅವರ ಜೋಳಿಗೆಗೆ ಬಳೆ ಬಿಚ್ಚಿ ಹಾಕಿದರು.

ವಿಚಿತ್ರವೆಂದರೆ ಗಾಂಧಿಯ ಗಡಿಯಾರವೇ ಒಂದು ದಿನ ಹರಾಜಿಗೆ ಬಂತು. 2009ರ ಮಾರ್ಚ್ 5ರಂದು ನ್ಯೂಯಾರ್ಕಿನಲ್ಲಿ ಆಂಟಿಕೋರಮ್ ಎಂಬ ಗಡಿಯಾರ ಹರಾಜು ಸಂಸ್ಥೆ ಗಾಂಧಿಯ ಜೆನಿತ್ ಜೇಬುಗಡಿಯಾರ, ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆಗಳನ್ನು ಒಟ್ಟಿಗೆ ಇಟ್ಟಿತು. ಅಂದಾಜು 20ರಿಂದ 30 ಸಾವಿರ ಡಾಲರ್. ಮಾಲೀಕ ಜೇಮ್ಸ್ ಓಟಿಸ್, ಭಾರತ ಸರ್ಕಾರ ಬಡವರ ಆರೋಗ್ಯಕ್ಕೆ ಹೆಚ್ಚು ಹಣ ಇಡುವುದಾದರೆ ಹರಾಜು ನಿಲ್ಲಿಸುತ್ತೇನೆ ಎಂದ. ಸರ್ಕಾರ ಒಪ್ಪಲಿಲ್ಲ. ಕೊನೆ ಗಳಿಗೆಯಲ್ಲಿ ಅವನು ಹಿಂದೆಗೆಯಲು ನೋಡಿದರೂ ಹರಾಜು ನಡೆದೇ ಹೋಯಿತು. 18 ಲಕ್ಷ ಡಾಲರಿಗೆ ಗೆದ್ದವರು ಬಂಟ್ವಾಳ ಮೂಲದ ವಿಠಲ ಮಲ್ಯರ ಮಗ ವಿಜಯ್ ಮಲ್ಯ. ಆ ಹರಾಜು ಆಸ್ಪತ್ರೆಗಾಗಿಯೂ ಇರಲಿಲ್ಲ, ಹರಿಜನ ನಿಧಿಗಾಗಿಯೂ ಇರಲಿಲ್ಲ. ಜೀವಮಾನವಿಡೀ ಇತರರ ಒಡವೆಯನ್ನು ಬಡವರಿಗಾಗಿ ಏಲಂ ಹಾಕಿದವನ ಸ್ವಂತ ಗಡಿಯಾರದ ಏಲಂ ಮಾತ್ರ ಬಡವರಿಗಾಗಿ ನಡೆಯಲಿಲ್ಲ.

ಲೆಕ್ಕ ಓದಿ ಹೇಳಿ

ಜಿನೀವಾದ ಆ ಓನ್ಲಿ ವಾಚ್ ಹರಾಜನ್ನು ಕಟ್ಟಿದವರು ಮೊನಾಕೊದ ಲ್ಯೂಕ್ ಪೆಟ್ಟಾವಿನೊ. ಅಲ್ಲಿಯ ಪ್ರಸಿದ್ಧ ವಿಹಾರನೌಕಾ ಪ್ರದರ್ಶನವನ್ನು ನಡೆಸುತ್ತಿದ್ದವರು, ಹಾಗಾಗಿ ಸಿರಿವಂತರ ಒಡನಾಟವಿತ್ತು. ಅವರ ಮಗ ಪಾಲ್‌ಗೆ ಡುಶೆನ್ ಸ್ನಾಯುಕ್ಷಯ ಇದೆಯೆಂದು 2000ದಲ್ಲಿ ಗೊತ್ತಾಯಿತು. ಔಷಧಿ ಇರಲಿಲ್ಲ, ಸಂಶೋಧನೆಗೆ ಹಣವೂ ಇರಲಿಲ್ಲ. ಮರುವರ್ಷ ಸಂಘ ಕಟ್ಟಿದರು. 2005ರಲ್ಲಿ ಮೊದಲ ಹರಾಜು. ಆಮೇಲೆ ಎರಡು ವರ್ಷಕ್ಕೊಮ್ಮೆ. ಮಗ 2016ರಲ್ಲಿ ತೀರಿಕೊಂಡ. ತಂದೆ ಹರಾಜು ನಿಲ್ಲಿಸಲಿಲ್ಲ. ಆ 2019ರ ಒಂದೇ ದಿನ 3 ಕೋಟಿ 86 ಲಕ್ಷ ಫ್ರಾಂಕ್ ಬಂತು.

ನಾಲ್ಕು ವರ್ಷ ಕಳೆದು 2023ರಲ್ಲಿ ಸಂಗ್ರಾಹಕರ ವಲಯದಿಂದಲೇ ಪ್ರಶ್ನೆ ಎದ್ದಿತು. ಇಷ್ಟು ವರ್ಷದ ಹಣ ಎಲ್ಲಿ? ಎಷ್ಟು ಸಂಶೋಧನೆಗೆ ಹೋಯಿತು, ಎಷ್ಟು ಖಾತೆಯಲ್ಲೇ ಉಳಿದಿದೆ? ದೊಡ್ಡ ಮೊತ್ತವೇ ಖರ್ಚಾಗದೆ ಉಳಿದಿತ್ತು. ಔಷಧ ಸಂಶೋಧನೆ ಹತ್ತಾರು ವರ್ಷಗಳ ಕೆಲಸ, ಹಣ ಕೂಡಿಡಲೇಬೇಕು ಎಂಬುದು ಸಂಘಟಕರ ಉತ್ತರ. ಉತ್ತರದಲ್ಲಿ ಹುರುಳಿತ್ತು, ಆದರೆ ಅದು ಪ್ರಶ್ನೆ ಬಂದ ಮೇಲೆ ಬಂದ ಉತ್ತರ. ಒಡೆಮಾರ್ ಪಿಗೆ ಎಂಬ ಹೆಸರುವಾಸಿ ಕಂಪನಿ ಹಿಂದೆ ಸರಿಯಿತು. ನವೆಂಬರಿಗೆ ನಿಗದಿಯಾಗಿದ್ದ ಹರಾಜು ಮುಂದಕ್ಕೆ ಹೋಯಿತು. ಲೆಕ್ಕಪತ್ರಗಳನ್ನು ಬಯಲಿಗಿಟ್ಟ ಮೇಲೆ 2024ರ ಮೇ 10ರಂದು ಜಿನೀವಾದಲ್ಲಿ ಅದು ನಡೆಯಿತು, 2 ಕೋಟಿ 83 ಲಕ್ಷ ಫ್ರಾಂಕ್ ಬಂತು. ಅದರಲ್ಲಿ ಅರ್ಧಕ್ಕೂ ಹೆಚ್ಚು, 1 ಕೋಟಿ 57 ಲಕ್ಷ, ಮತ್ತೆ ಒಂದು ಉಕ್ಕಿನ ಪಾಟೆಕ್ ಫಿಲಿಪ್‌ನದು.

ಯಾರೂ ಅಲ್ಲಿ ಕದ್ದರೆಂದು ಇದರ ಅರ್ಥವಲ್ಲ. ಕೇಳುವ ಮೊದಲೇ ಹೇಳಲಿಲ್ಲ, ಅಷ್ಟೇ. ಆದರೆ ಸಾರ್ವಜನಿಕ ಹಣದಲ್ಲಿ ಅಷ್ಟೇ ಸಾಕು. ಊರಿನಲ್ಲಿ ಜಾತ್ರೆ ಕಳೆದ ಮೇಲೆ ಲೆಕ್ಕಪತ್ರ ಮಂಡನೆಯ ಸಭೆಗೆ ಹತ್ತು ಜನ ಸೇರುವುದೂ ಕಷ್ಟ; ಕಾರ್ಯದರ್ಶಿ ಹೂವಿನ ಖರ್ಚು, ಜನರೇಟರಿನ ಡೀಸೆಲ್, ಏಲಂನಿಂದ ಬಂದದ್ದು, ಬಾಕಿ ಬರಬೇಕಾದ್ದು ಎಂದು ಓದುತ್ತಾ ಹೋದರೆ ಕೇಳುವವರು ಆಕಳಿಸುತ್ತಾರೆ. ಬಾಕಿ ಬರಬೇಕಾದ್ದು ಎಂಬ ಬಾಬು ಸಣ್ಣದಲ್ಲ. ಮೈಕಿನಲ್ಲಿ ಐದು ಸಾವಿರ ಕೂಗಿ, ಮುಂದಿನ ಜಾತ್ರೆವರೆಗೂ ಕಟ್ಟದವರು ಎಲ್ಲ ಊರಿನಲ್ಲೂ ಇರುತ್ತಾರೆ. ಆ ಸಭೆ ಎಷ್ಟೇ ಬೇಸರ ತರಿಸಿದರೂ ಏಲಂನ ಜೀವ ಅಲ್ಲಿದೆ. ಜಿನೀವಾದವರು ಇಪ್ಪತ್ತು ವರ್ಷದಲ್ಲಿ ಕಲಿತದ್ದು ಇಷ್ಟನ್ನೇ.

ಹಣ ಹೋದ ದಾರಿ

ಡುಶೆನ್ ಹೆಚ್ಚಾಗಿ ಗಂಡುಮಕ್ಕಳಿಗೆ ಬರುವ ಕಾಯಿಲೆ. ಜಗತ್ತಿನಲ್ಲಿ ಹುಟ್ಟುವ ಸುಮಾರು 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ. ಸ್ನಾಯುವಿನ ಎಳೆಗಳನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನಿಗೆ ಸೂತ್ರ ಇರುವುದು ಮನುಷ್ಯನ ಜೀನ್‌ಗಳಲ್ಲೇ ಅತಿ ಉದ್ದದ ಜೀನ್‌ನಲ್ಲಿ, 79 ತುಂಡುಗಳಾಗಿ. ನಡುವೆ ಕೆಲವು ತುಂಡು ಕಳಚಿಹೋದರೆ ಮುಂದಿನದು ಓದಲು ಬರುವುದಿಲ್ಲ, ಪ್ರೋಟೀನು ತಯಾರಾಗುವುದಿಲ್ಲ. ಹುಡುಗ ಎರಡು ಮೂರು ವರ್ಷಕ್ಕೆ ಎಡವಲು ತೊಡಗುತ್ತಾನೆ, ಹತ್ತು ಹನ್ನೆರಡಕ್ಕೆ ಗಾಲಿಕುರ್ಚಿ, ಆಮೇಲೆ ಹೃದಯ ಮತ್ತು ಉಸಿರಾಟದ ಸ್ನಾಯುಗಳ ಸರದಿ.

ಹರಾಜಿನ ಹಣದಲ್ಲಿ ಬೆಳೆದ ಫ್ರಾನ್ಸಿನ ಪ್ರಯೋಗಾಲಯ ಹಿಡಿದ ದಾರಿ, ಕಳಚಿದ ಜಾಗದ ಪಕ್ಕದ ತುಂಡನ್ನೂ ಓದದೆ ಹಾರಿಸಿ ಮುಂದಿನದಕ್ಕೆ ಜೋಡಿಸುವುದು. ಪ್ರೋಟೀನು ಗಿಡ್ಡದಾದರೂ ಕೆಲಸಕ್ಕೆ ಬರುತ್ತದೆಂಬ ಲೆಕ್ಕ. ಆ ಔಷಧದ ಮಾನವ ಪ್ರಯೋಗ 2023ರಲ್ಲಿ ಶುರುವಾಯಿತು. ಇದೇ ತತ್ತ್ವದ ಮೇಲೆ ನಮ್ಮ ಬೆಂಗಳೂರಿನಲ್ಲೂ ಕೆಲಸ ನಡೆಯುತ್ತಿದೆ. ಮಕ್ಕಳಿಗೆ ಈ ಕಾಯಿಲೆ ಇದ್ದ ತಂದೆತಾಯಿಗಳು ಕಟ್ಟಿದ 'ಡಾರ್ಟ್' ಎಂಬ ಸಂಶೋಧನಾ ಟ್ರಸ್ಟ್ ಜೋಧಪುರದ ಐಐಟಿಯ ಜತೆ ಸೇರಿ ಔಷಧ ರೂಪಿಸಿ, ಮಾನವ ಪ್ರಯೋಗಕ್ಕೆ ಕೇಂದ್ರದ ಅನುಮತಿಯನ್ನೂ ಪಡೆದಿದೆ. ಅವರಿಗೆ ಪಾಟೆಕ್ ಫಿಲಿಪ್ ಸಿಕ್ಕಿಲ್ಲ. ದೇಣಿಗೆಯಲ್ಲೇ ನಡೆಯಬೇಕು.

ಅಮೆರಿಕ 2023ರಲ್ಲಿ ಒಪ್ಪಿದ ಜೀನ್ ಚಿಕಿತ್ಸೆಯ ಬೆಲೆ ಒಬ್ಬ ಹುಡುಗನಿಗೆ 32 ಲಕ್ಷ ಡಾಲರ್. ಅಷ್ಟಿದ್ದರೂ ಅದು ಕಾಯಿಲೆ ವಾಸಿ ಮಾಡುವುದಿಲ್ಲ; 2025ರಲ್ಲಿ ಕೆಲವು ರೋಗಿಗಳು ಯಕೃತ್ತು ಕೆಟ್ಟು ತೀರಿಕೊಂಡ ಮೇಲೆ ಅದರ ಬಳಕೆಗೆ ಕಡಿವಾಣ ಬಿತ್ತು. ನಮ್ಮ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಒಬ್ಬ ರೋಗಿಗೆ ಸಿಗುವ ನೆರವಿನ ಮಿತಿ 50 ಲಕ್ಷ ರೂಪಾಯಿ. ನಡುವಿನ ಕಂದಕವನ್ನು ಯಾವ ಏಲಂ ತುಂಬೀತು?

ಮಗುವನ್ನು ಎತ್ತಿಕೊಂಡು ಆಸ್ಪತ್ರೆ ಅಲೆಯುವುದು ಏನೆಂದು ಆಲಂಕಾರಿನ ಸುತ್ತಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಗೇರು ತೋಟಗಳ ಮೇಲೆ ಎರಡು ದಶಕ ಎಂಡೋಸಲ್ಫಾನ್ ಕೀಟನಾಶಕ ಸುರಿದ ಸೀಮೆ ಇದು. ಆ ಸಂತ್ರಸ್ತ ಮಕ್ಕಳ ಹಗಲು ಪಾಲನಾ ಕೇಂದ್ರ ಪಕ್ಕದ ಕೊಯಿಲದಲ್ಲಿದೆ, ಇನ್ನೊಂದು ಕೊಕ್ಕಡದಲ್ಲಿ. ಅದು ಬೇರೆ ಕಥೆ, ಬೇರೆ ಕಾರಣ. ಡುಶೆನ್‌ಗೆ ವಿಷವೂ ಕಾರಣವಲ್ಲ, ಶಾಪವೂ ಕಾರಣವಲ್ಲ. ಮೂರರಲ್ಲಿ ಒಂದರಷ್ಟು ಮಕ್ಕಳಲ್ಲಿ ಅದು ಹೊಸದಾಗಿಯೇ ಹುಟ್ಟಿಕೊಂಡ ದೋಷ, ತಾಯಿಯ ಕಡೆಯಿಂದ ಬಂದದ್ದೂ ಅಲ್ಲ. ಹಾಗಾಗಿ ಹೆಂಡತಿಯ ಮನೆತನದ ಮೇಲೆ ಗೂಬೆ ಕೂರಿಸುವವರು ಸುಮ್ಮನಿರುವುದು ಒಳ್ಳೆಯದು.

ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ, ನೆರೆಯಲ್ಲಿ, ಅಂಗನವಾಡಿಯಲ್ಲಿ ಮೂರರಿಂದ ಐದು ವರ್ಷದ ಹುಡುಗ ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆಯೇ ಕೈಯೂರಿ ಹತ್ತಿದಂತೆ ಎದ್ದರೆ, ಮೆಟ್ಟಿಲು ಹತ್ತಲು ಕಷ್ಟಪಟ್ಟರೆ, ಪದೇ ಪದೇ ಬಿದ್ದರೆ, ಮೀನಖಂಡ ವಿಪರೀತ ದಪ್ಪಗಿದ್ದರೆ, "ಗಂಡುಮಗು, ತಡವಾಗಿ ಸರಿಹೋಗುತ್ತದೆ" ಎಂದು ಕಾಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ರಕ್ತದಲ್ಲಿ ಸಿಕೆ ಎಂಬ ಅಂಶದ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಸಂಶಯ ಬಂದರೆ ಮುಂದಿನ ಜೀನ್ ಪರೀಕ್ಷೆಗೆ, ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಬೇಗ ಗೊತ್ತಾದರೆ ಸ್ಟೀರಾಯ್ಡ್ ಔಷಧಿಯಿಂದ, ವ್ಯಾಯಾಮದಿಂದ, ಹೃದಯದ ನಿಯಮಿತ ತಪಾಸಣೆಯಿಂದ ಹುಡುಗ ಇನ್ನಷ್ಟು ವರ್ಷ ತನ್ನ ಕಾಲ ಮೇಲೆ ನಡೆಯಬಹುದು. ಆ ಮೊದಲ ರಕ್ತಪರೀಕ್ಷೆಗೆ ತಗಲುವುದು ಕೆಲವು ನೂರು ರೂಪಾಯಿ.